ಕೂಡ್ಸೂದ ಅಷ್ಟ ಉಳದೈತಿ

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ನಾಟಕ ನೋಡಿ ಬರುತ್ತಾರೆ. ಮನೆ ಕಟ್ಟಿಸುತ್ತಿರುವವರು ಬಾಗಿಲು ಚೌಕಟ್ಟು ಕೊಂಡು ಬರುತ್ತಾರೆ. ಬಳ್ಳಿ, ಗಿಳಿ, ಗಜಲಕ್ಷ್ಮಿ ಎಲ್ಲ ಕೆತ್ತಿ ನಿಲ್ಲಿಸಿದ ಸಾಗವಾನಿ. ಇನ್ನು ಕದ ಜೋಡಿಸಿದರೆ ಮುಗಿಯಿತಲ್ಲ ಎಂದುಕೊಂಡೇ ದುಡ್ಡು ಎಣಿಸುತ್ತೇವೆ. ಆಮೇಲೆ ಬಡಿಗೇರ ಕಾಕಾ ಬರುತ್ತಾನೆ.

ಹುನಗುಂದದಲ್ಲೂ ಒಬ್ಬ ಕಾಕಾ ಇದ್ದಾನೆ, ಇಳಕಲ್ಲಿನಲ್ಲೂ ಇದ್ದಾನೆ. ನನ್ನ ಪಾಲಿಗೆ ಬಂದವನು ಬಾಗಲಕೋಟೆಯವನು. ಕಿವಿಯ ಮೇಲೆ ಪೆನ್ಸಿಲ್, ದವಡೆಯಲ್ಲಿ ಎಲೆ ಅಡಿಕೆ. ಮುಂಗಡ ಕೇಳುವಾಗ ದನಿ ಮೆತ್ತಗೆ, ಕೆಲಸ ಕೇಳಿದರೆ ಕಿವಿ ಮಂದ. ಯಾವಾಗ ವಿಚಾರಿಸಿದರೂ ಒಂದೇ ಉತ್ತರ: "ಎಲ್ಲಾ ಮುಗದೈತಿ ತಮ್ಮಾ, ಕೂಡ್ಸೂದ ಅಷ್ಟ ಉಳದೈತಿ."

ಆ 'ಅಷ್ಟ' ಎಷ್ಟು ಅಂತೀರಿ? ಒಂದು ಬಿಜಾಗರಿ ಕೂಡಿಸುವುದನ್ನೇ ನೋಡಿ. ಉಳಿಯಿಂದ ಕುಳಿ ತೆಗೆದು ಸ್ಕ್ರೂ ಬಿಗಿದರೆ ನಮ್ಮ ನಿಮ್ಮ ಲೆಕ್ಕಕ್ಕೆ ಸಾಕು. ಕಾಕಾ ಚಿಮಣಿ ಹಚ್ಚುತ್ತಾನೆ, ಅದೂ ನಡುಮಧ್ಯಾಹ್ನ. ಬಿಜಾಗರಿಯನ್ನು ಹೊಗೆಗೆ ಹಿಡಿದು ಮಸಿ ಹತ್ತಿಸಿ, ಕುಳಿಗೆ ಒತ್ತಿ, ಮೆಲ್ಲಗೆ ತೆಗೆಯುತ್ತಾನೆ. ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಮರ ಉಬ್ಬಿದೆ, ಅಷ್ಟನ್ನೇ ಕೆರೆಯುತ್ತಾನೆ. ಮತ್ತೆ ಹೊಗೆ, ಮತ್ತೆ ಒತ್ತು, ಮತ್ತೆ ಕೆರೆತ. ಕುಳಿಯ ತಳವೆಲ್ಲ ಒಂದೇ ಸಮ ಕಪ್ಪಾಗುವ ತನಕ ಸ್ಕ್ರೂ ಮುಟ್ಟುವಂತಿಲ್ಲ. ನಡುವೆ ಚಹಾ.

"ಇಷ್ಟ್ಯಾಕ ಕಾಕಾ?" ಅಂದೆನೋ ಇಲ್ಲವೋ, ಹಲಗಲಿ ಶುರುವಾಯಿತು.

ಮುಧೋಳ ಸೀಮೆಯ ಹಲಗಲಿಯಲ್ಲಿ 1857ರಲ್ಲಿ ಬೇಡರು ಹತಾರ ಒಪ್ಪಿಸಲು ಒಲ್ಲೆ ಎಂದರು, ಇಂಗ್ಲಿಷರು ಊರನ್ನೇ ಸುಟ್ಟರು. ಇದು ಇತಿಹಾಸ, ಇದನ್ನು ಹಾಡುವ ಲಾವಣಿಯನ್ನು ಸಂಗ್ರಹಿಸಿದವನೂ ಇಂಗ್ಲಿಷ್ ಅಧಿಕಾರಿಯೇ, ಫ್ಲೀಟ್. ಆ ಬೇಡರ ಬಂದೂಕಿಗೆ ಮರ ಕೂಡಿಸಿದವನು ಕಾಕಾನ ಮುತ್ತಜ್ಜ. ಇದು ಪುರಾಣ. ಈ ಜಿಲ್ಲೆಯ ಬಡಿಗರ ಮುತ್ತಜ್ಜಂದಿರೆಲ್ಲ ಹೇಳಿಕೊಳ್ಳುವಷ್ಟು ಬಂದೂಕು ಹಲಗಲಿಯಲ್ಲಿ ಇದ್ದಿದ್ದರೆ ಕುಂಪಣಿ ಅವತ್ತೇ ಗಂಟುಮೂಟೆ ಕಟ್ಟುತ್ತಿತ್ತು.

ಪುರಾಣದೊಳಗಿನ ಕಸಬು ಮಾತ್ರ ಸುಳ್ಳಲ್ಲ. "ಬಾಯಾಗ ಮದ್ದು ತುಂಬಿ ಗಜ ಹಾಕಿ ಜಡಿಯೂ ಬಂದೂಕು, ತಮ್ಮಾ. ಮರ ಯಾರರೆ ಕೆತ್ತಿ ಕೊಡ್ಲಿ, ನಳಿಗಿ ಕೂಡ್ಸೂದ ಖರೇ ಕೆಲಸ. ಈಡು ಹಾರಿದ್ರ ನಳಿಗಿ ಹಿಂದಕ್ಕ ಒದೀತೈತಿ. ಬುಡದಾಗ ಕೂದಲೆಳಿ ಸಂದ ಉಳದ್ರೂ ಮರ ಸೀಳ್ತೈತಿ." ಅದಕ್ಕೇ ಮಸಿ, ಅದಕ್ಕೇ ಕೆರೆತ. ನಮ್ಮ ಬಚ್ಚಲ ಬಾಗಿಲು ಯಾರ ಮೇಲೂ ಗುಂಡು ಹಾರಿಸುವುದಿಲ್ಲ ಎಂದೆ. ಅದಕ್ಕೂ ಚಿಮಣಿ ಹಚ್ಚಿದ.

ವಾಸ್ತುಶಾಂತಿಯ ದಿನ ತಲೆಬಾಗಿಲ ಕದ ಪಡಸಾಲೆಯ ಗೋಡೆಗೆ ಒರಗಿತ್ತು. ರಾತ್ರಿ ಹೊಸ್ತಿಲಿಗೆ ಅಡ್ಡ ಚಾಪೆ ಹಾಸಿಕೊಂಡು ಕದದ ಕೆಲಸ ನಾನೇ ಮಾಡಿದೆ. ಹೊತ್ತಾಗಿ ಬಂದ ಬೀಗರು ನನ್ನನ್ನು ದಾಟಿಕೊಂಡು ಒಳಗೆ ಹೋದರು. ಊಟಕ್ಕೆ ಬಂದಿದ್ದ ಕಾಕಾ ಹೋಳಿಗೆ ಮೆಚ್ಚಿಕೊಂಡಿದ್ದ.

ಇಂಥವನು ಒಂದು ಕೆಲಸದ ಬಗ್ಗೆ ಮಾತ್ರ ಕಥೆ ಕಟ್ಟುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದಾಗ ಜನ ಮನೆ ಬಿಟ್ಟರೂ ಬಾಗಿಲು ಬಿಡಲಿಲ್ಲ. ಕಿತ್ತು ನವನಗರಕ್ಕೆ ಹೇರಿಕೊಂಡು ಬಂದರು. ಬಿಜಾಗರಿಯನ್ನೇ ಕಾಣದ, ಮರದ ಗೂಟದ ಮೇಲೆ ತಿರುಗುವ, ತಲೆ ಬಗ್ಗಿಸಿ ದಾಟಬೇಕಾದ ಗಿಡ್ಡ ಕದಗಳು. ಅವನ್ನು ಸಿಮೆಂಟಿನ ಗೋಡೆಗೆ ಒಗ್ಗಿಸಿದವರಲ್ಲಿ ಕಾಕಾನೂ ಒಬ್ಬ. "ಆ ಮಂದಿ ಕಡೆ ಮಜೂರಿ ಹ್ಯಾಂಗ ಕೇಳ್ಲಿ?" ಎಂದಷ್ಟೇ ಹೇಳಿ ಪೆನ್ಸಿಲ್ ಚೂಪು ಮಾಡತೊಡಗಿದ.

ಈಗಿನ ಹುಡುಗರು ಮಷಿನ್ ಹಿಡಿದು ಒಂದೇ ಗಂಟೆಯಲ್ಲಿ ಕದ ಹಾಕಿ ಹೋಗುತ್ತಾರೆ. ಮೊದಲ ಮಳೆಗೆ ಅದು ಉಬ್ಬಿ ಹಿಡಿದುಕೊಳ್ಳುತ್ತದೆ, ಮನೆಮಂದಿ ಭುಜ ಕೊಟ್ಟು ತಳ್ಳುತ್ತಾರೆ. ಕಾಕಾ ಕೂಡಿಸಿದ ನಮ್ಮ ಬಾಗಿಲು ಶ್ರಾವಣದಲ್ಲೂ ಒಂದು ಬೆರಳಿಗೆ ತೆರೆಯುತ್ತದೆ. ಹೊಟ್ಟೆಯುರಿ ಅಂದರೆ ಇದೇ: ಬೈಯಲು ಒಂದು ಸಂದೂ ಬಿಟ್ಟಿಲ್ಲ.

ಆದ್ದರಿಂದ ಜಾತ್ರೆಯಲ್ಲಿ ಚೌಕಟ್ಟು ಕೊಂಡವರು ಇಂಥ ಕಾಕಾನಿಗೇ ಕೆಲಸ ಕೊಡಿ. ವಾಸ್ತುಶಾಂತಿಯ ಕಾರ್ಡನ್ನು ಕದ ಹಾಕಿ ತೆಗೆದು ನೋಡಿದ ಮೇಲೆ ಅಚ್ಚು ಹಾಕಿಸಿ. ಹಲಗಲಿಯ ಸುದ್ದಿ ಮಾತ್ರ ನೀವಾಗಿ ಎತ್ತಬೇಡಿ.