ಚರ್ಚಿನ ಹಿಡಿತ ಕೈತಪ್ಪದಂತೆ ಕಾಪಾಡುವ ಕ್ರಮ

ಈ ಕೈಪಿಡಿ ಬಿಳಿಯ ಸಭಾಹಿರಿಯರ ಉಪಯೋಗಕ್ಕೆ. ಇಲ್ಲಿಯ ಪ್ರತಿಯೊಂದು ಕ್ರಮವನ್ನೂ ಫಿಲಡೆಲ್ಫಿಯಾದಲ್ಲಿ ಮಾಡಿ ನೋಡಲಾಗಿದೆ.

ಮೊದಲು ಕಾಣಿಕೆ ಎತ್ತಿ. ದುಡ್ಡಿಗೆ ಬಣ್ಣ ನೋಡಬೇಡಿ. ಸೇಂಟ್ ಜಾರ್ಜ್ ಮೆಥೊಡಿಸ್ಟ್ ಚರ್ಚಿನ ಹೊಸ ನೆಲಕ್ಕೂ ಮೇಲಿನ ಗ್ಯಾಲರಿಗೂ ಕಪ್ಪು ಜನ ಧಾರಾಳವಾಗಿ ಕೊಟ್ಟಿದ್ದರು. ಕೆಲಸ ಮುಗಿದ ಮೇಲೆ ಅವರನ್ನು ಅದೇ ಗ್ಯಾಲರಿಗೆ ಹತ್ತಿಸಿ. ಗ್ಯಾಲರಿಯೊಳಗೂ ತಪ್ಪು ಜಾಗ ಅಂತ ಒಂದಿರುತ್ತದೆ. ಅದನ್ನು ಮುಂಚಿತವಾಗಿ ಹೇಳಬೇಕಿಲ್ಲ. ಅಲ್ಲಿ ಯಾರಾದರೂ ಮೊಣಕಾಲೂರಿದರೆ ಹಿಡಿದು ಎಬ್ಬಿಸಿ. ಹಾಗೆ ಎಬ್ಬಿಸಿದಾಗ ಕಪ್ಪು ಸಭಿಕ ಅಬ್ಸಲಂ ಜೋನ್ಸ್ ಪ್ರಾರ್ಥನೆ ಮುಗಿಯಲಿ ತಾಳಿ ಎಂದು ಕೇಳಿಕೊಂಡರು. ತಾಳಬೇಡಿ, ಇನ್ನೊಬ್ಬ ಹಿರಿಯರನ್ನೂ ಸಹಾಯಕ್ಕೆ ಕರೆಯಿರಿ.

ಪ್ರಾರ್ಥನೆ ಮುಗಿದದ್ದೇ ಕಪ್ಪು ಜನರೆಲ್ಲ ಒಟ್ಟಿಗೆ ಎದ್ದು ಹೊರನಡೆದರೆ ಗಾಬರಿಯಾಗಬೇಡಿ. ಹಾಗೆ ಹೊರನಡೆದವರಲ್ಲಿ ಒಬ್ಬರು, ಗುಲಾಮರಾಗಿ ಹುಟ್ಟಿ, ದುಡಿದು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡ ರಿಚರ್ಡ್ ಅಲೆನ್, ಹಳೆಯ ಕಮ್ಮಾರಸಾಲೆಯೊಂದನ್ನು ಕುದುರೆಗಳಿಂದ ಎಳೆಸಿ ತಂದು 1794ರಲ್ಲಿ ಬೆತೆಲ್ ಚರ್ಚ್ ಮಾಡಿಕೊಂಡರು. ಬಿಷಪ್ಪರನ್ನು ಕಳಿಸಿ ಪ್ರತಿಷ್ಠೆ ಮಾಡಿಸಿ. ಆಮೇಲೆ ನಿಯಮಾವಳಿ ಬರೆದುಕೊಡುವ ಉಪಕಾರವನ್ನೂ ನೀವೇ ಮಾಡಿ, ನಡುವೆ ಎಲ್ಲೋ ಆಸ್ತಿ ಬಿಳಿಯರ ಮೆಥೊಡಿಸ್ಟ್ ಕಾನ್ಫರೆನ್ಸಿಗೆ ಸೇರಿದ್ದು ಎಂದು ಒಂದು ಮಾತು ತೂರಿಸಿಬಿಡಿ. ಕೈಪಿಡಿಯ ಜೀವ ಇರುವುದು ಇಲ್ಲೇ. ಕೂರುವ ಜಾಗದ ಜಗಳ ಊರಿಗೆಲ್ಲ ಕಾಣುತ್ತದೆ, ಕಾಗದದ ಕೆಲಸ ಬರೆಸಿಕೊಂಡವರಿಗೇ ಕಾಣುವುದಿಲ್ಲ. ಅಲೆನ್ ಅವರಿಗೆ ಇದು ತಿಳಿಯಲು ವರ್ಷಗಳೇ ಹಿಡಿದವು.

ತಿಳಿದ ಮೇಲೆ, 1807ರಲ್ಲಿ, ಅವರು ನಿಯಮ ತಿದ್ದಿಕೊಂಡರು. ಹಾಗಾದಾಗ ಪ್ರಸಂಗ ಮಾಡಲು ವರ್ಷಕ್ಕೆ 600 ಡಾಲರ್ ಕೇಳಿ. ಚೌಕಾಸಿ ಮಾಡಿದರೆ ದರ ಇಳಿಸಿ, ಜೊತೆಗೆ ಪ್ರಸಂಗಕ್ಕೆ ಬರುವ ಸಲಗಳನ್ನೂ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಹರಾಜು. 1815ರಲ್ಲಿ ಬೆತೆಲ್ ಕಟ್ಟಡವೇ ಹರಾಜಿಗೆ ಬಂತು. ಅಲೆನ್ 10,125 ಡಾಲರಿಗೆ ಕೂಗಿ ತಮ್ಮ ಚರ್ಚನ್ನು ತಾವೇ ಕೊಂಡರು. (ಇಷ್ಟು ದುಬಾರಿ ಕಾಣಿಕೆ ಸೇಂಟ್ ಜಾರ್ಜಿನಲ್ಲೂ ಎದ್ದಿರಲಾರದು.)

ಅಷ್ಟಾದ ಮೇಲೂ ಪ್ರಸಂಗಪೀಠ ನಮ್ಮದೇ ಎನ್ನುವವರು ಭಾನುವಾರ ಬೇಗ ಹೊರಡುವುದು ಒಳ್ಳೆಯದು. ಬೆತೆಲಿನವರು ನಡುದಾರಿಯಲ್ಲಿ ಒತ್ತೊತ್ತಾಗಿ ನಿಂತು, ಬಿಳಿಯ ಪ್ರಸಂಗಿಯನ್ನು ಪೀಠದ ಹತ್ತಿರಕ್ಕೂ ಬಿಡಲಿಲ್ಲ. ಕೋರ್ಟಿನ ದಾರಿಯನ್ನು ನಾವು ಶಿಫಾರಸು ಮಾಡುವುದಿಲ್ಲ: 1816ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಬೆತೆಲ್ ಪರವಾಗಿಯೇ ತೀರ್ಪು ಕೊಟ್ಟಿತು. ಆ ಏಪ್ರಿಲ್‌ನಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್ ಹುಟ್ಟಿತು, ಅಲೆನ್ ಅದರ ಮೊದಲ ಬಿಷಪ್ ಆದರು.

ವಿಷಯ ಇಲ್ಲಿಗೆ ಮುಟ್ಟಿದ್ದರೆ ಸಾಮರಸ್ಯ ಸಮಿತಿಯೊಂದನ್ನು ರಚಿಸಿ. ಅದರ ನಿಯಮಾವಳಿ ಬರೆದುಕೊಡುವ ಉಪಕಾರ ನಿಮ್ಮದೇ ಇರಲಿ.