ದುಡ್ಡು ಬರುವ ಬಾಗಿಲು

ಫೌಂಡರ್ ಸಾಹೇಬರ ತಂತ್ರಾಂಶ ತಯಾರಾಗಿ ಬಹಳ ಕಾಲವಾಯಿತು. ನಾಲ್ಕಾರು ಪಿಡಿಎಫ್‌ಗಳನ್ನು ಸೇರಿಸಿ ಒಂದು ಮಾಡುವುದಷ್ಟೇ ಅದರ ಕಸುಬು. ಆ ಕಸುಬನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಬೆಲೆ ತಿಂಗಳಿಗೆ 9 ಡಾಲರ್. ಬೇಕು ಅನ್ನುವವರೂ ಇದ್ದಾರೆ. ಆದರೆ ಕೊಳ್ಳಲು ಒತ್ತಬೇಕಾದ ಬಟನ್ನಿನ ಜಾಗದಲ್ಲಿ ‘ಶೀಘ್ರದಲ್ಲೇ’ ಎಂದು ಬರೆದಿದೆ. ಪೇಮೆಂಟ್ ಗೇಟ್‌ವೇ ಯಾವುದು ಅಂತ ಇನ್ನೂ ತೀರ್ಮಾನವಾಗಿಲ್ಲವಲ್ಲ!

ಇಂಥವರು ಎಚ್‌ಎಸ್‌ಆರ್ ಲೇಔಟಿನಿಂದ ಜಯನಗರದವರೆಗೆ ಯಾವ ದರ್ಶಿನಿಯಲ್ಲಿ ಬೇಕಾದರೂ ಸಿಗುತ್ತಾರೆ. ಬೆನ್ನಿಗೆ ಬಿಟ್ಟುಬಂದ ಕಂಪನಿಯ ಬ್ಯಾಗು, ಕೈಯಲ್ಲಿ ಬೈ-ಟು ಕಾಫಿ. ಮಳೆ, ರಾಜಕೀಯ, ಮಗಳ ಅಡ್ಮಿಷನ್ ಎಂದು ಯಾವ ಮಾತು ತೆಗೆದರೂ ಎರಡನೇ ನಿಮಿಷಕ್ಕೆ ಪರ್ಸೆಂಟೇಜಿಗೆ ಬಂದು ನಿಲ್ಲುತ್ತಾರೆ. “ರೇಜರ್‌ಪೇ ಶೇ 2 ತಗೋತಾರೆ, ಅದರ ಮೇಲೆ ಶೇ 18 ಜಿಎಸ್‌ಟಿ. ಜಿಎಸ್‌ಟಿ ಪೂರ್ತಿ ದುಡ್ಡಿಗಲ್ಲ, ಅವರ ಫೀಸಿಗೆ ಮಾತ್ರ. ಇದು ಎಷ್ಟು ಜನಕ್ಕೆ ಗೊತ್ತು ಹೇಳಿ?” ಎಂದು ಇಡ್ಲಿ ಕೊಡುವವನನ್ನು ಕೇಳುತ್ತಾರೆ. ಅವನು ಟೋಕನ್ ಕೇಳುತ್ತಾನೆ.

ಮೊದಲು ಇವರ ಕಣ್ಣು ಇದ್ದದ್ದು ಸ್ಟ್ರೈಪ್ ಮೇಲೆ. 2010ರಲ್ಲಿ ಐರ್ಲೆಂಡಿನ ಅಣ್ಣತಮ್ಮಂದಿರು ಕಟ್ಟಿದ ಕಂಪನಿ, ಏಳು ಸಾಲು ಕೋಡಿನಲ್ಲಿ ಕೆಲಸ ಮುಗಿಯುತ್ತದೆ ಎಂದು ಹೆಸರು ಮಾಡಿತ್ತು. ಇವರು ಆ ಏಳು ಸಾಲು ಬರೆದಿಟ್ಟುಕೊಂಡು ಮುಹೂರ್ತ ನೋಡುತ್ತಿದ್ದಾಗ, 2024ರಲ್ಲಿ, ಭಾರತದ ಹೊಸ ವ್ಯಾಪಾರಿಗಳಿಗೆ ಆಹ್ವಾನ ಇದ್ದರೆ ಮಾತ್ರ ಪ್ರವೇಶ ಎಂದು ಅವರು ಬಾಗಿಲು ಓರೆ ಮಾಡಿಕೊಂಡರು. ಹಾಗಾದರೆ ಅಮೆರಿಕದ ಡೆಲವೇರ್‌ನಲ್ಲೇ ಕಂಪನಿ ನೋಂದಾಯಿಸಿದರೆ ಹೇಗೆ ಎಂಬ ಯೋಚನೆ ಬಂತು. ಮನೆಯಲ್ಲಿ ಅಮ್ಮ ಒಂದೇ ಪ್ರಶ್ನೆ ಕೇಳಿದರು: “ಅಲ್ಲಿ ನಮ್ಮೋರು ಯಾರಿದ್ದಾರೋ?” ಯಾರೂ ಇರಲಿಲ್ಲ.

ಆಮೇಲೆ ತಿಳಿದದ್ದು ಇನ್ನೊಂದು ಲೋಕ. ಪ್ಯಾಡಲ್‌ನಂಥ ಕಂಪನಿಗಳು ಗೇಟ್‌ವೇ ಅಲ್ಲ, ‘ಮರ್ಚೆಂಟ್ ಆಫ್ ರೆಕಾರ್ಡ್’. ಅಂದರೆ ಮಾಲು ಇವರದ್ದು, ಕಾಗದದ ಮೇಲೆ ಮಾರುವವರು ಅವರು. ಜರ್ಮನಿಯ ಗಿರಾಕಿ ಕೊಂಡರೆ ಅಲ್ಲಿಯ ಶೇ 19 ವ್ಯಾಟ್, ಹಂಗೆರಿಯವನು ಕೊಂಡರೆ ಶೇ 27, ಎಲ್ಲವನ್ನೂ ಅವರೇ ವಸೂಲಿ ಮಾಡಿ ಅವರೇ ಕಟ್ಟುತ್ತಾರೆ. ಹೊರದೇಶದಿಂದ ಯುರೋಪಿನ ಸಾಮಾನ್ಯ ಗ್ರಾಹಕರಿಗೆ ತಂತ್ರಾಂಶ ಮಾರುವವನಿಗೆ ಮೊದಲ ಮಾರಾಟದಿಂದಲೇ ಈ ತೆರಿಗೆ ಅಂಟಿಕೊಳ್ಳುವುದರಿಂದ ಇದು ನಿಜಕ್ಕೂ ದೊಡ್ಡ ಉಪಕಾರ. ನನ್ನನ್ನು ಕೇಳಿದ್ದರೆ ಅಲ್ಲೇ ಸಹಿ ಹಾಕಿ ಎನ್ನುತ್ತಿದ್ದೆ. ಆದರೆ ಸಾಹೇಬರು ಲೆಕ್ಕ ಹಾಕಿದರು. ಶೇ 5, ಜೊತೆಗೆ ಪ್ರತಿ ಸಲ ಅರ್ಧ ಡಾಲರ್. 9 ಡಾಲರಿನಲ್ಲಿ 95 ಸೆಂಟ್ ಹೋಯಿತು. ಶೇ 10ಕ್ಕೂ ಮೇಲೆ! ಅದನ್ನಾದರೂ ಸಹಿಸಬಹುದು, ಗಿರಾಕಿಯ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುವುದು ಆ ಕಂಪನಿಯ ಹೆಸರಂತೆ. ತಾತನ ಹೆಸರಿಟ್ಟು ಕಂಪನಿ ಮಾಡಿದ ಮೇಲೆ ತಾತನ ಹೆಸರೇ ಹಿಂದೆ ಬೀಳುವುದೇ? ಪ್ಯಾಡಲ್ ಬಿದ್ದುಹೋಯಿತು.

ಕಮಿಷನ್ನಿಗೆ ಗಿರಾಕಿಗಳನ್ನು ಕಳಿಸುವ ಅಫಿಲಿಯೇಟುಗಳ ಏರ್ಪಾಡು ಒಳಗೇ ಇದೆ ಎಂದು, ಪ್ಯಾಡಲ್‌ನಂಥದ್ದೇ ಇನ್ನೊಂದು ಕಂಪನಿ ಲೆಮನ್ ಸ್ಕ್ವೀಜಿಯನ್ನು ಹೆಚ್ಚುಕಮ್ಮಿ ಒಪ್ಪಿಕೊಂಡಿದ್ದರು. 2024ರ ಜುಲೈನಲ್ಲಿ ಅದನ್ನು ಸ್ಟ್ರೈಪ್ ಕೊಂಡುಕೊಂಡಿತು. ಆ ವಾರ ಸಾಹೇಬರು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ದಾವಣಗೆರೆಯಿಂದ ಒಬ್ಬರು ಫೋನ್ ಮಾಡಿ, “ಫೋನ್‌ಪೇ ಮಾಡ್ಲಾ ಸಾರ್?” ಎಂದು ಕೇಳಿದ್ದರು. ಒಂದು ಸಲದ ಪಾವತಿ ಬೇಡ, ಚಂದಾ ಬೇಕು ಎಂದು ಸಾಹೇಬರ ಹಟ. ಚಂದಾ ಎಂದರೆ ರಿಸರ್ವ್ ಬ್ಯಾಂಕಿನ ನಿಯಮ: 2021ರ ಅಕ್ಟೋಬರ್‌ನಿಂದ, ತಾನಾಗಿ ದುಡ್ಡು ಕಡಿತವಾಗುವ 24 ಗಂಟೆ ಮೊದಲೇ ಗಿರಾಕಿಗೆ ಸಂದೇಶ ಹೋಗಬೇಕು. “ನಾಳೆ ನಿಮ್ಮ ದುಡ್ಡು ಹೋಗುತ್ತೆ ಅಂತ ಹೇಳಿಬಿಟ್ಟರೆ ಯಾರ್ರೀ ಸುಮ್ಮನಿರ್ತಾರೆ?” ಎಂದು ಸಾಹೇಬರು ಮೇಜು ಕುಟ್ಟಿದರು. ಗಿರಾಕಿಯ ಮರೆವೇ ಈ ವ್ಯಾಪಾರದ ಮೂಲ ಬಂಡವಾಳ ಎಂದು ಇಷ್ಟು ನೇರವಾಗಿ ಯಾವ ಫೌಂಡರ್ ಬಾಯಿಂದಲೂ ನಾನು ಕೇಳಿರಲಿಲ್ಲ.

ಇಷ್ಟರಲ್ಲಿ ಅಫಿಲಿಯೇಟುಗಳು ಸಿದ್ಧರಾಗಿದ್ದರು: ನ್ಯೂಜೆರ್ಸಿಯಲ್ಲಿರುವ ಷಡ್ಡಕ, ಹಳೆಯ ಕ್ಲಾಸ್‌ಮೇಟ್ ಒಬ್ಬ, ಯೂಟ್ಯೂಬಿನಲ್ಲಿ ಎಕ್ಸೆಲ್ ಕಲಿಸುವ ಹುಡುಗ. ಅವರ ಲಿಂಕಿನಿಂದ ಬಂದವರು ಕೊಂಡರೆ ಶೇ 30 ಕಮಿಷನ್. 9 ಡಾಲರಿಗೆ ಶೇ 30ಓ, ಗೇಟ್‌ವೇ ಹಿಡಿದುಕೊಂಡು ಉಳಿದದ್ದಕ್ಕೆ ಶೇ 30ಓ? ಪ್ಯಾಡಲ್ ದರದ ಲೆಕ್ಕದಲ್ಲೂ ವ್ಯತ್ಯಾಸ ಹೆಚ್ಚುಕಮ್ಮಿ 28 ಸೆಂಟ್, ಸುಮಾರು 25 ರೂಪಾಯಿ. ಇದರ ಚರ್ಚೆಗೆ ಕುಡಿದ ಕಾಫಿಯ ಲೆಕ್ಕ ನಾನು ಇಟ್ಟಿಲ್ಲ. ಷಡ್ಡಕನಂತೂ ತನ್ನ ಲಿಂಕನ್ನೇ ಒತ್ತಿ ತಾನೇ ಕೊಂಡರೆ ಶೇ 30 ತನಗೇ ವಾಪಸ್ ತಾನೇ ಎಂದು ಮೊದಲ ದಿನವೇ ಕೇಳಿಬಿಟ್ಟ.

ಆಗ ಬಾಯಿಬಿಟ್ಟವರು ಮಾವ. ನಾಗರಭಾವಿಯ ಕಡೆ ಸೈಟು ಕೊಡಿಸುವವರು. ಯಾರ ಲಿಂಕಿನಿಂದ ಬಂದವರೆಂದು ಗುರುತಿಡುವ ಕುಕೀ ಎಂದರೆ ಬಿಸ್ಕತ್ತು ಎಂದುಕೊಂಡಿದ್ದರೂ, ವಿಷಯ ಮಾತ್ರ ಗಪ್ಪನೆ ಹಿಡಿದರು.

“ಕಮಿಷನ್ ಯಾವಾಗ ಕೊಡ್ತೀರಾ ಅಳಿಯಂದ್ರೆ?”

“ದುಡ್ಡು ಬಂದ ತಕ್ಷಣ.”

“ಪಾರ್ಟಿ ಬೇಡ ಅಂತ ವಾಪಸ್ ಕೇಳಿದ್ರೆ?”

“30 ದಿನದೊಳಗೆ ಕೇಳಿದ್ರೆ ಕೊಡಬೇಕು.”

“ಮತ್ತೆ? ರಿಜಿಸ್ಟ್ರೇಷನ್ ಆಗೋವರೆಗೂ ನಾವು ಕೈ ಚಾಚಲ್ಲ. ನೀವೂ ಆ 30 ದಿನ ಕಳೀಲಿ ಅನ್ನಿ. ಇನ್ನೊಂದು, ಸೈಟು ಮೊದಲು ತೋರಿಸಿದವನೊಬ್ಬ, ಕೂರಿಸಿ ಅಡ್ವಾನ್ಸ್ ಕೊಡಿಸಿದವನೊಬ್ಬ. ದುಡ್ಡು ಯಾರಿಗೆ? ಇದನ್ನ ಮೊದಲೇ ಬರೆದಿಡದಿದ್ರೆ ಹೊಡೆದಾಟ ಆಗುತ್ತೆ, ನಾನು ನೋಡಿದೀನಿ.”

ಮೊದಲ ಕ್ಲಿಕ್ಕೋ ಕೊನೆಯ ಕ್ಲಿಕ್ಕೋ ಎಂದು ಸಾಹೇಬರು ತಿಂಗಳುಗಟ್ಟಲೆ ಓದಿದ್ದು ಇದನ್ನೇ. ನಮ್ಮ ದೇಶದ ಅಫಿಲಿಯೇಟಿಗೆ ಕೊಡುವ ಕಮಿಷನ್ನಿನ ಟಿಡಿಎಸ್ 2024ರ ಅಕ್ಟೋಬರ್‌ನಿಂದ ಶೇ 5ರಿಂದ ಶೇ 2ಕ್ಕೆ ಇಳಿದಿದೆ ಎಂಬುದೂ ಮಾವನಿಗೆ ಗೊತ್ತಿತ್ತು.

ಕಳೆದ ಭಾನುವಾರ ಮಾವ ಬಂದು ಅಳಿಯನ ಕೈಗೆ 2,100 ರೂಪಾಯಿ ಇಟ್ಟರು. ಕ್ರಯಪತ್ರ, ಖಾತೆ, ಇಸಿ ಎಂದು ಬಿಡಿ ಬಿಡಿ ಪಿಡಿಎಫ್ ಇಟ್ಟುಕೊಂಡು ಒದ್ದಾಡುವ ಆರು ಜನ ಬ್ರೋಕರ್‌ಗಳಿಗೆ ತಿಂಗಳಿಗೆ 500ರಂತೆ ಮಾತಾಡಿ, ದುಡ್ಡನ್ನೂ ವಸೂಲಿ ಮಾಡಿದ್ದರು. “ನನ್ನ ಶೇ 30 ಹಿಡ್ಕೊಂಡಿದೀನಿ ಅಳಿಯಂದ್ರೆ, ಅವರಿಗೆ ಪಾಸ್‌ವರ್ಡ್ ಕಳಿಸಿ.” ರಿಜಿಸ್ಟ್ರೇಷನ್ನಿನ ಮಾತು ಈ ಸಲ ಬರಲಿಲ್ಲ.

ಸಾಹೇಬರು ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದು, ಹೋಲಿಕೆ ಪಟ್ಟಿಯಲ್ಲಿ ಹೊಸ ಸಾಲು ಸೇರಿಸಿದರು. ಚಾರ್ಜ್‌ಬ್ಯಾಕ್: ಇಲ್ಲ. ಸೆಟಲ್‌ಮೆಂಟ್: ಭಾನುವಾರ. ವಿದೇಶಿ ಕಾರ್ಡ್: ಇಲ್ಲ. ಮಾವನ ಕೆವೈಸಿ ಮಾತ್ರ ಇನ್ನೂ ಬಾಕಿ ಇದೆಯಂತೆ.