ದಯಾಳು ಮಾಸ್ತರರು

ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರು ದಯಾಳುಗಳಿರುತ್ತಾರೆ. ಅವರ ದಯೆ ಉಕ್ಕುವುದು ಬೀದಿಯಲ್ಲಿ. ಉಕ್ಕಿದ್ದನ್ನು ಒರೆಸುವ, ತೊಳೆಯುವ, ಉಣಿಸಿ ಮಲಗಿಸುವ ಭಾಗ್ಯವು ಮಾತ್ರ ಮನೆಯೊಳಗೆ ಇನ್ನೊಬ್ಬರ ಪಾಲಿನದು. ಬಸವಕಲ್ಯಾಣದ ನಮ್ಮ ಓಣಿಯ ನಿವೃತ್ತ ಮಾಸ್ತರರು ಈ ವರ್ಗಕ್ಕೆ ಶಿರೋಮಣಿಪ್ರಾಯರು. 12ನೆಯ ಶತಮಾನದ ಶರಣರು ದಯೆಯನ್ನೂ ಕಾಯಕವನ್ನೂ ಒಬ್ಬನೇ ಮನುಷ್ಯನಲ್ಲಿ ಕೂಡಿಸಬಯಸಿದರೆಂಬುದನ್ನು, ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನ ನಿದರ್ಶನಸಹಿತವಾಗಿ, ಅವರು ಒಂದು ತಾಸು ನಿರರ್ಗಳವಾಗಿ ವಿವರಿಸಬಲ್ಲರು. ಸ್ವಗೃಹದಲ್ಲಾದರೋ ಆ ಎರಡನ್ನೂ ಬೇರ್ಪಡಿಸಿ, ದಯೆಯನ್ನು ತಾವಿಟ್ಟುಕೊಂಡು ಕಾಯಕವನ್ನು ಧರ್ಮಪತ್ನಿಗೆ ಬಿಟ್ಟುಕೊಟ್ಟಿದ್ದಾರೆ.

ಹುಮನಾಬಾದದ ವೀರಭದ್ರೇಶ್ವರನ ಜಾತ್ರೆಗೆಂದು ಜನವರಿಯಲ್ಲಿ ಹೋದವರು, ಬೆಂಡು ಬತ್ತಾಸು ತರುವುದಕ್ಕೆ ಬದಲಾಗಿ, ಯಾರೋ ಕೊಂಡು ಬೇಸತ್ತು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಬಿಟ್ಟುಹೋಗಿದ್ದ, ಹುಡುಗರ ಕಲ್ಲುಗಳಿಗೆ ಗುರಿಯಾಗಿದ್ದ ಬಿಳಿಯ ಮೊಲವೊಂದನ್ನು ಉತ್ತರೀಯದಲ್ಲಿ ಸುತ್ತಿಕೊಂಡು ಬಂದರು. "ತಗೋ, ಒಂದು ಜೀವ ಉಳಿಸೀನಿ" ಎಂದು ಪತ್ನಿಯ ಮಡಿಲಿಗೆ ಹಾಕಿದರು. ಓಣಿಗೆಲ್ಲ ಕಾಕೂ ಆಗಿರುವ ಆ ತಾಯಿ ಅದರ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ, "ಉಳಿಸೋದು ಇನ್ನ ಮುಂದ ಅದ ರೀ. ಇದು ಬಸುರಿ ಅದ" ಎಂದರು.

ಅಂದಿನಿಂದ ಮಾಸ್ತರರ ಕಾರುಣ್ಯಕ್ಕೆ ತಡೆಯೇ ಇಲ್ಲವಾಯಿತು. ಮೊಲದ ಗರ್ಭ 31 ದಿನಗಳ ಆಸುಪಾಸಿನದೆಂದು ಎಲ್ಲಿಯೋ ತಿಳಿದುಕೊಂಡು ಬಂದು, ಅಷ್ಟರಲ್ಲಿ ಕುಬಸದ ಮುಹೂರ್ತ ಕೂಡಿಬರುವುದೋ ಇಲ್ಲವೋ ಎಂದು ಪಂಚಾಂಗ ತಿರುವಿದರು. ಅವರು ಓಣಿಯಲ್ಲಿ ಸಾರಿದ ಸುದ್ದಿಯ ಫಲವಾಗಿ ಅಂಟಿನುಂಡಿ, ಅಳ್ವಿ ಪಾಯಸ, ಸಬ್ಬಸಗಿ ಪಲ್ಯಗಳು ಬಂದವು. ಕಾಕೂ ಅವನ್ನು ಮಾಸ್ತರರಿಗೇ ಬಡಿಸಿ, ಮೊಲಕ್ಕೆ ಒಣಹುಲ್ಲನ್ನೂ ಕುದುರೆ ಮೆಂತ್ಯವನ್ನೂ ಹಾಕಿದರು. ಮಾಸ್ತರರು ಗಜ್ಜರಿಯ ಚೀಲವನ್ನೇ ತಂದಾಗ, ಅಷ್ಟು ಸಿಹಿ ಆ ಹೊಟ್ಟೆಗೆ ಆಗದೆಂದು ಒಂದು ತುಂಡನ್ನಷ್ಟೇ ಕೊಟ್ಟರು. ಬಳಿಕ ಯಾರದೋ ಹೊಲದಿಂದ ಎಳೆಯ ಜೋಳದ ಚಿಗುರು ಬಂದಾಗ ಮಾತ್ರ ಒಕ್ಕಲಿಗರ ಮನೆಯ ಮಗಳಾದ ಆಕೆಗೆ ಸಿಟ್ಟೇ ಬಂದಿತು: "ಇದು ದನಕ್ಕೇ ನಂಜು ಆಗ್ತದ, ಈ ಬಡಜೀವಕ್ಕ ಹಾಕ್ತೀರೇನು?"

ಒಂದು ಸಂಜೆ ಮೊಲವು ತನ್ನ ಎದೆಯ ರೋಮವನ್ನು ತಾನೇ ಕಿತ್ತುಕೊಳ್ಳತೊಡಗಿತು. ಮಾಸ್ತರರು ಕಟ್ಟೆಗೆ ಬಂದು ನಮ್ಮನ್ನೆಲ್ಲ ಕೂಡಿಸಿ, "ನೋಡ್ರಿ ತಮ್ಮಾ, ಕೇಶಲುಂಚನ! ಮೂಕಪ್ರಾಣಿಗೆ ವೈರಾಗ್ಯ ಬಂದದ" ಎಂದು ಸಂಸಾರದ ನಿಸ್ಸಾರತೆಯ ಮೇಲೆ ಉಪನ್ಯಾಸವನ್ನಾರಂಭಿಸಿದರು. ಅವರು ಮೋಕ್ಷದ ಸಮೀಪಕ್ಕೆ ಬರುವಷ್ಟರಲ್ಲಿ ಕಾಕೂ ಒಳಗೆ ಒಂದು ಪೆಟ್ಟಿಗೆಗೆ ಹುಲ್ಲು ಹಾಸಿ ಮೂಲೆಯ ಕತ್ತಲಲ್ಲಿ ಇಟ್ಟಾಗಿತ್ತು. ಬೆಳಗಾಗುವಷ್ಟರಲ್ಲಿ ಆ ವೈರಾಗ್ಯದ ರೋಮದ ನಡುವೆ ಕಣ್ಣು ತೆರೆಯದ, ಮೈಮೇಲೆ ಕೂದಲಿಲ್ಲದ ಆರು ಮರಿಗಳು ಮಿಸುಕಾಡುತ್ತಿದ್ದವು. ಕಾಡುಮೊಲದ ಮರಿ ಕೂದಲು ಸಹಿತ ಕಣ್ಣು ತೆರೆದೇ ಹುಟ್ಟುತ್ತದೆ; ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಈ ಕಾಯ್ದೆಯ ಹೆಸರನ್ನು ಯಾರೋ ಎತ್ತಿದಾಗ ಅರ್ಧದಿನ ಅಡಗಿ ಕುಳಿತಿದ್ದ ಮಾಸ್ತರರಿಗೆ ಮರಿಗಳ ಬೋಳುಮೈಯನ್ನು ಕಂಡು ಹೋದ ಜೀವ ಬಂದಿತು.

ಆದರೆ ತಾಯಿಯ ನಡತೆ ಅವರಿಗೆ ಸಹನವಾಗಲಿಲ್ಲ. ಹಗಲೆಲ್ಲ ಅದು ಮರಿಗಳತ್ತ ತಿರುಗಿಯೂ ನೋಡದೆ ಇನ್ನೊಂದು ಮೂಲೆಯಲ್ಲಿ ಕುಳಿತಿರುವುದನ್ನು ಕಂಡು, ಕಲಿಯುಗದಲ್ಲಿ ಮಾತೃವಾತ್ಸಲ್ಯವು ಪಶುಗಳಲ್ಲಿಯೂ ಕ್ಷೀಣಿಸಿತೆಂದು ಮರುಗಿ, ಹತ್ತಿಯ ಬತ್ತಿಯಲ್ಲಿ ಆಕಳ ಹಾಲು ಹನಿಸಲು ಸಿದ್ಧರಾದರು. ಮೊಲವು ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ, ಮಬ್ಬುಗತ್ತಲಲ್ಲಿ ಬಂದು ಹಾಲೂಡಿಸಿ ಹೋಗುವ ಪ್ರಾಣಿ. ಗೂಡಿನ ಬಳಿ ಸುಳಿದಾಡದಿರುವುದೇ ಅದರ ಕುಲದ ಎಚ್ಚರಿಕೆ, ಸುಳಿದಾಡಿದರೆ ವೈರಿಗೆ ಜಾಡು ಸಿಕ್ಕೀತು. ಕಾಕೂ ಈ ಶಾಸ್ತ್ರವನ್ನು ಓದಿದವರಲ್ಲ. ನಸುಕಿನಲ್ಲಿ ಎದ್ದು ಮರಿಗಳ ಹೊಟ್ಟೆ ಮುಟ್ಟಿ, ತುಂಬಿರುವುದನ್ನು ಕಂಡು, ಹಾಲಿನ ಬಟ್ಟಲನ್ನು ಕಸಿದುಕೊಂಡು ಚಹಾಕ್ಕೆ ಸುರಿದರು. ಬೀದರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವಾಗ ಹಳ್ಳಿಯ ತಿಳಿವಳಿಕೆಯನ್ನು ನಂಬುವುದು ಅವೈಜ್ಞಾನಿಕವೆಂದು ಮಾಸ್ತರರು ನುಡಿದರು. ಬೀದರಿಗೆ ಹೋಗುವ ಬಸ್ಸನ್ನು ಮಾತ್ರ ಅವರು ಹತ್ತಲಿಲ್ಲ.

ಹತ್ತನೆಯ ದಿನದ ಹೊತ್ತಿಗೆ ಮರಿಗಳು ಕಣ್ಣು ತೆರೆದವು. ಮಾಸ್ತರರ ದಯೆ ಪರಾಕಾಷ್ಠೆಗೇರಿದ್ದೂ ಆಗಲೇ. ಮಾಣಿಕನಗರಕ್ಕೆ ಪ್ರಭುಗಳ ದರ್ಶನಕ್ಕೆ ಹೋಗಿದ್ದವರು, ಪತಿವಿಯುಕ್ತೆಯಾದ ಆ ಒಂಟಿ ಜೀವದ ದುಃಖವನ್ನು ನೆನೆದು, ಹುಮನಾಬಾದದ ಪೇಟೆಯಿಂದ ಒಂದು ಗಂಡುಮೊಲವನ್ನು ಕೊಂಡುತಂದು, ಕಾಕೂ ನೀರಿಗೆ ಹೋದ ಹೊತ್ತಿನಲ್ಲಿ ಗೂಡಿನೊಳಗೆ ಬಿಟ್ಟರು. ಹೆತ್ತ ದಿನವೇ ಮತ್ತೆ ಗರ್ಭ ಧರಿಸಬಲ್ಲ ಜಾತಿಗೆ ಇಷ್ಟು ಉಪಕಾರ ಧಾರಾಳವಾಯಿತು. ಕಾಕೂ ಬಂದು ನೋಡಿ, ಗಂಡುಮೊಲವನ್ನು ಕಿವಿ ಹಿಡಿದಲ್ಲ, ಮೈ ಹಿಡಿದೆತ್ತಿ ಬೇರೆ ಬುಟ್ಟಿಗೆ ಹಾಕಿದರು; ಅಷ್ಟರಲ್ಲಿ ಕಾರ್ಯ ಮುಗಿದಿತ್ತು. ಮಾರ್ಚಿನಲ್ಲಿ ಏಳು ಮರಿಗಳು ಹುಟ್ಟಿದವು. ಬಿಸಿಲೇರಿತು. ಬೆವರಲಾರದೆ ಹೆಚ್ಚಾಗಿ ಕಿವಿಯ ಮೂಲಕವೇ ಕಾವನ್ನು ಕಳೆಯಬೇಕಾದ ಆ ಜೀವಗಳಿಗಾಗಿ ಕಾಕೂ ಹಗಲೆಲ್ಲ ಗೋಣಿಚೀಲ ತೋಯಿಸಿ ತೋಯಿಸಿ ಗೂಡಿನ ಮೇಲೆ ಹೊದಿಸುತ್ತಿದ್ದರೆ, ಮಾಸ್ತರರು ಬೇವಿನ ನೆರಳಿನಲ್ಲಿ ಕುಳಿತು, ಜೀವದಯೆಯ ಶ್ರಮವನ್ನು ಇಂದಿನ ತರುಣರು ಅರಿಯರೆಂದು ನಮಗೆ ಬೋಧಿಸುತ್ತಿದ್ದರು.

ಮೊದಲ ಸೂಲಿನ ಮರಿಗಳು ಈಗ ಹುಲ್ಲು ತಿನ್ನುತ್ತಿವೆ, ತಾಯಿಯ ಹಾಲು ಬಿಟ್ಟಿವೆ. ಸಾಕುವ ಮನಸ್ಸೂ ತಂಪಾದ ಜಾಗವೂ ಉಳ್ಳವರು ಬಂದು ಒಯ್ಯಬಹುದು. ಆದರೆ ಸಂಜೆ ಮಾಸ್ತರರು ಕಟ್ಟೆಗೆ ಹೋದ ಮೇಲೆ ಬಂದು, ಕಾಕೂ ಅವರನ್ನೇ ಕೇಳಿ, ಗಂಡುಹೆಣ್ಣುಗಳನ್ನು ಅವರು ಬೇರ್ಪಡಿಸಿ ಕೊಟ್ಟಂತೆಯೇ ತೆಗೆದುಕೊಳ್ಳಬೇಕು. ಮಾಸ್ತರರ ಕೈಯಿಂದ ಯಾರೂ ಜೋಡಿಯನ್ನು ಸ್ವೀಕರಿಸಬಾರದೆಂದು ಪ್ರಾರ್ಥನೆ.